ಡಿಗ್ರಿಗೆ ಮೊದಲ ಲ್ಯಾಪ್‌ಟಾಪ್: ನಮ್ಮೂರ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಜೂನ್ ಬಂತೆಂದರೆ ಶಿರಸಿಯ ನಮ್ಮ ರಿಪೇರಿ ಅಂಗಡಿಗೆ ಎರಡು ಬಗೆಯ ಜನ ಬರುತ್ತಾರೆ. ಪಿಯುಸಿ ಮುಗಿಸಿದ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ, ಆಯಿ ಒಂದು ಕಡೆ. ಹೋದ ವರ್ಷ ಕೊಂಡ ಲ್ಯಾಪ್‌ಟಾಪ್ ಹಿಡಿದು ಬರುವ ಹುಡುಗರು ಇನ್ನೊಂದು ಕಡೆ. "ಯಾವ ಕಂಪನಿದು ಚಲೋ?" ಅಂತ ಅವರು ಕೇಳುತ್ತಾರೆ. "ಇದು ಯಾಕಣ್ಣಾ ಇಷ್ಟು ನಿಧಾನ?" ಅಂತ ಇವರು ಕೇಳುತ್ತಾರೆ. 35-40 ಸಾವಿರದೊಳಗೆ ಮುಗಿಸಬೇಕು ಅನ್ನುವವರು ಕಂಪನಿಯ ಹೆಸರಿಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಒಂದೇ ಕಂಪನಿ ಚಲೋ ಮಾಡೆಲನ್ನೂ ಮಾಡುತ್ತದೆ, ಬೇಡದ ಮಾಡೆಲನ್ನೂ ಮಾಡುತ್ತದೆ. ಕೋರ್ಸ್ ಮುಗಿಯುವವರೆಗೆ ಬಾಳಬೇಕು, ಕೆಟ್ಟರೆ ಹತ್ತಿರದಲ್ಲೇ ರಿಪೇರಿ ಆಗಬೇಕು. ನಾನು ಮೊದಲು ನೋಡುವುದು ಇದನ್ನೇ.

ನಿಧಾನದ ದೂರು ಬರುವ ಮೆಷಿನ್‌ಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಇಂಟೆಲ್‌ನ ಅಗ್ಗದ ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಅನ್ನುವ ಅಗ್ಗದ ಸ್ಟೋರೇಜ್. ಇಪ್ಪತ್ತು ಚಿಲ್ಲರೆ ಸಾವಿರಕ್ಕೆ ಹೊಸದು ಸಿಗುತ್ತದಲ್ಲಾ ಅಂತ ಆಸೆ ಆಗುವುದು ಸಹಜ. ಆದರೆ ವಿಂಡೋಸ್ 11 ಓಡಲು ಕಡಿಮೆಯೆಂದರೆ ಬೇಕು ಅಂತ ಮೈಕ್ರೋಸಾಫ್ಟ್ ಹೇಳಿರುವ ಲೆಕ್ಕವೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಅಂದರೆ ಮೊದಲ ದಿನದಿಂದಲೇ ಮೆಷಿನ್ ಕೊನೆಯ ಮೆಟ್ಟಿಲ ಮೇಲೆ ನಿಂತಿರುತ್ತದೆ. ಎರಡು ಮೂರು ಅಪ್‌ಡೇಟ್ ಬಂದರೆ ಜಾಗ ತುಂಬುತ್ತದೆ. ರ‍್ಯಾಮ್ ಸಾಲದಾದಾಗ ವಿಂಡೋಸ್ ಸ್ಟೋರೇಜನ್ನೇ ರ‍್ಯಾಮ್ ಥರ ಬಳಸುತ್ತದೆ. ಇಎಂಎಂಸಿ ಎಸ್‌ಎಸ್‌ಡಿ ಅನ್ನುವ ಸ್ಟೋರೇಜಿನಷ್ಟು ವೇಗದ್ದಲ್ಲ, ಹಾಗಾಗಿ ಎಲ್ಲವೂ ಕಟ್ಟಿಕೊಳ್ಳುತ್ತದೆ. ಸಂಕಟದ ಸಂಗತಿ ಅಂದರೆ ಇಎಂಎಂಸಿ ಮದರ್‌ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಬದಲಾಯಿಸಿ ಕೊಡೋಣ ಅಂದರೆ ದಾರಿ ಇಲ್ಲ. ಅಡಿಕೆ ಮಾರಿದ ದುಡ್ಡಲ್ಲಿ ಮಗಳಿಗೆ ಕೊಡಿಸಿದ ಲ್ಯಾಪ್‌ಟಾಪ್ ಬಗ್ಗೆ ಹೀಗೆ ಹೇಳಬೇಕಾದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಅದಕ್ಕೇ 8 ಜಿಬಿ ರ‍್ಯಾಮ್, 256 ಅಥವಾ 512 ಜಿಬಿ ಎಸ್‌ಎಸ್‌ಡಿಗಿಂತ ಕೆಳಗೆ ಇಳಿಯಬೇಡಿ. ಜೊತೆಗೆ ಅಂಗಡಿಯಲ್ಲಿ ಒಂದು ಪ್ರಶ್ನೆ ತಪ್ಪದೇ ಕೇಳಿ: ರ‍್ಯಾಮ್ ಹಾಕಲು ಸ್ಲಾಟ್ ಇದೆಯೋ, ಇಲ್ಲಾ ಎಲ್ಲಾ ಬೆಸುಗೆಯದ್ದೋ? ತೆಳ್ಳಗಿನ ಮಾಡೆಲ್‌ಗಳಲ್ಲಿ ಎಷ್ಟೋ ಸಲ ರ‍್ಯಾಮ್ ಬೋರ್ಡಿನಲ್ಲೇ ಕೂತಿರುತ್ತದೆ, ಮುಂದೆ ಒಂದು ಜಿಬಿಯನ್ನೂ ಸೇರಿಸಲು ಬರುವುದಿಲ್ಲ. ಸ್ಲಾಟ್ ಇದ್ದರೆ ಎರಡನೇ ವರ್ಷದಲ್ಲಿ ಬೇಕಾದಾಗ ಹಾಕಿಸಬಹುದು. ಆದರೆ 2025ರ ಕೊನೆಯಿಂದ ಮೆಮೊರಿ ಬೆಲೆ ಜೋರಾಗಿ ಏರಿದೆ. ಎಐ ಸರ್ವರ್‌ಗಳಿಗೆ ಬೇಡಿಕೆ ಹೆಚ್ಚಿ, ಚಿಪ್ ಮಾಡುವವರು ಅತ್ತ ಕಡೆ ತಿರುಗಿದ್ದೇ ಕಾರಣ. ಹಾಗಾಗಿ 16 ಜಿಬಿ ಬೇಕೇ ಬೇಕು ಅಂತ ಈಗಲೇ ಗೊತ್ತಿದ್ದರೆ 16 ಜಿಬಿ ಇರುವುದನ್ನೇ ತಗೊಳ್ಳಿ. "ಆಮೇಲೆ ಸಸ್ತಾದಲ್ಲಿ ಹಾಕಿಸಿದರಾಯಿತು" ಅನ್ನುವ ಹಳೆಯ ಲೆಕ್ಕವನ್ನು ಈಗ ನಂಬಿ ಕೂರುವ ಹಾಗಿಲ್ಲ.

ಇನ್ನು ಪ್ರೊಸೆಸರ್ ಸ್ಟಿಕರ್. ಇಂಟೆಲ್‌ನ ಐ7 ಅಂದ ಕೂಡಲೇ ಐ3ಗಿಂತ ಮೇಲು ಅಂತ ಬಹಳ ಜನ ತಿಳಿದಿದ್ದಾರೆ. ಯಾವ ತಲೆಮಾರಿನ ಐ7 ಅನ್ನುವುದೇ ಮುಖ್ಯ. ಐ3-1215ಯು ಅಂತಿದ್ದರೆ ಮೊದಲ ಎರಡು ಅಂಕಿ 12, ಅದು 12ನೇ ತಲೆಮಾರು. ಅದರಲ್ಲಿ 6 ಕೋರ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಘಟಕಗಳು, ಇವೆ. ಐ7-6600ಯು ಥರದ ಹಳೆಯದರಲ್ಲಿ ಮೊದಲ ಒಂದೇ ಅಂಕಿ ನೋಡಬೇಕು, ಅದು 6ನೇ ತಲೆಮಾರು, ಬರೀ 2 ಕೋರ್. ಎಎಂಡಿ ಕಂಪನಿಯ ಪ್ರೊಸೆಸರ್‌ನಲ್ಲಿ ಇನ್ನೂ ಹುಷಾರಿರಬೇಕು. ರೈಜನ್ 5 7520ಯು ಅನ್ನುವುದು ಹೆಸರಲ್ಲಿ ಹೊಸದು. ಆದರೆ ಆ ಸಾಲಿನಲ್ಲಿ ಮೂರನೇ ಅಂಕಿ ಒಳಗಿನ ವಿನ್ಯಾಸವನ್ನು ಹೇಳುತ್ತದೆ. ಅಲ್ಲಿ 2 ಇದ್ದರೆ ಹಳೆಯ ಝೆನ್ 2, ಕೋರ್ 4 ಮಾತ್ರ. 7530ಯು ಆದರೆ ಝೆನ್ 3, ಕೋರ್ 6. ಒಂದೇ ಒಂದು ಅಂಕಿ ವ್ಯತ್ಯಾಸ, ಕೆಲಸದಲ್ಲಿ ಬೇಕಾದಷ್ಟು ವ್ಯತ್ಯಾಸ. ಹೊಸದು ಕೊಳ್ಳುವವರಿಗೆ 12ನೇ ಅಥವಾ 13ನೇ ತಲೆಮಾರಿನ ಐ3, ಇಲ್ಲವೇ 6 ಕೋರಿನ ರೈಜನ್ 5 ಧಾರಾಳ ಸಾಕು.

ಬಜೆಟ್ 20-25 ಸಾವಿರ ಅಷ್ಟೇ ಅನ್ನುವವರಿಗೆ ನಾನು ಆ ಸೆಲೆರಾನ್ ಬದಲು ಸೆಕೆಂಡ್ ಹ್ಯಾಂಡ್ ನೋಡಿ ಅಂತಲೇ ಹೇಳುತ್ತೇನೆ. ದೊಡ್ಡ ಕಂಪನಿಗಳ ಆಫೀಸಿನಲ್ಲಿ ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಥರದವು ಗಟ್ಟಿ ಮೆಷಿನ್‌ಗಳು. ಹಿಂಜ್ ಬಲವಾಗಿರುತ್ತದೆ, ಕೀಬೋರ್ಡ್ ಚಲೋ ಇರುತ್ತದೆ, ಸ್ಕ್ರೂ ಬಿಚ್ಚಿದರೆ ಭಾಗಗಳು ಸಲೀಸಾಗಿ ಕೈಗೆ ಬರುತ್ತವೆ, ಪಾರ್ಟ್ಸೂ ಸಿಗುತ್ತವೆ. ಆದರೆ ಇಂಟೆಲ್ ಆದರೆ 8ನೇ ತಲೆಮಾರಿಗಿಂತ ಹಿಂದಿನದು ಬೇಡ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ನಡೆಯುವ ಇಂಟೆಲ್ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮುಂದಿನವೇ ಇವೆ. ಆನ್‌ಲೈನ್‌ನಲ್ಲಿ 15 ಸಾವಿರಕ್ಕೆ "ಐ7 ಲ್ಯಾಪ್‌ಟಾಪ್" ಕಂಡರೆ ಮೊದಲು ತಲೆಮಾರು ನೋಡಿ. ಕೊಳ್ಳುವ ಮುಂಚೆ ಬ್ಯಾಟರಿ ರಿಪೋರ್ಟ್ ತೆಗೆಸಿ. ವಿಂಡೋಸ್‌ನಲ್ಲೇ ಅದಕ್ಕೆ ಕಮಾಂಡ್ ಇದೆ, ಅಂಗಡಿಯವರಿಗೆ ಗೊತ್ತಿರುತ್ತದೆ. ಡಿಸೈನ್ ಕೆಪಾಸಿಟಿ 50 ಇದ್ದು ಫುಲ್ ಚಾರ್ಜ್ ಕೆಪಾಸಿಟಿ 25ಕ್ಕೆ ಇಳಿದಿದ್ದರೆ ಅರ್ಧ ಬ್ಯಾಟರಿ ಹೋಗಿದೆ ಅಂತಲೇ ಅರ್ಥ. ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಈಗ ಮಳೆಯ ವಿಷಯ. ಬೆಂಗಳೂರಿನವರು ಮಾಡುವ ರಿವ್ಯೂಗಳಲ್ಲಿ ಇದು ಬರುವುದೇ ಇಲ್ಲ. ಕಾರವಾರ, ಅಂಕೋಲಾ, ಹೊನ್ನಾವರ ಕಡೆಯಿಂದ ಬಂದ ಮೆಷಿನ್ ಬಿಚ್ಚಿದರೆ ಯುಎಸ್‌ಬಿ ಪೋರ್ಟಿನ ತಗಡು ತುಕ್ಕು ಹಿಡಿದಿರುತ್ತದೆ, ಕನೆಕ್ಟರ್ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಉಪ್ಪು ಗಾಳಿ ಮತ್ತು ತೇವ ಸೇರಿ ಮಾಡುವ ಕೆಲಸ ಅದು. ಶಿರಸಿ, ಸಿದ್ದಾಪುರದಲ್ಲಿ ಉಪ್ಪಿಲ್ಲ, ಆದರೆ ಬೂಷ್ಟು ಬಿಡುವುದಿಲ್ಲ. ದಿನಾ ಬಳಸುವ ಲ್ಯಾಪ್‌ಟಾಪ್ ತನ್ನ ಬಿಸಿಯಲ್ಲೇ ಒಣಗುತ್ತಿರುತ್ತದೆ. ರಜೆಯಲ್ಲಿ ಬ್ಯಾಗಿನೊಳಗೆ ತಿಂಗಳುಗಟ್ಟಲೆ ಮುಚ್ಚಿಟ್ಟದ್ದೇ ಜಾಸ್ತಿ ಹಾಳಾಗುವುದು. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಆನ್ ಮಾಡಿ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಒದ್ದೆ ಛತ್ರಿಯನ್ನು ಅದೇ ಬ್ಯಾಗಿಗೆ ತುರುಕಬೇಡಿ. ಒಳಗೆ ನೀರು ಹೋದರೆ ಮಾಮೂಲಿ ವಾರಂಟಿಯಲ್ಲಿ ಬರುವುದಿಲ್ಲ, ಇದು ಎಲ್ಲಾ ಕಂಪನಿಗೂ ಒಂದೇ.

ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಲ್ಲಿ ಸಿಡಿಲಿನ ಕಾಟ. ಗುಡುಗು ದೂರದಲ್ಲಿ ಕೇಳಿದರೂ ಸಾಕು, ಚಾರ್ಜರ್ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ರೌಟರ್‌ಗೆ ಲ್ಯಾನ್ ಕೇಬಲ್ ಹಾಕಿದ್ದರೆ ಅದನ್ನೂ ತೆಗೆಯಿರಿ. ಲೈನಿನಲ್ಲಿ ಬಂದ ಸಿಡಿಲು ಆ ದಾರಿಯಲ್ಲೂ ಬೋರ್ಡಿಗೆ ನುಗ್ಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಹೋಗುವ ಹಳ್ಳಿಗಳಿಗೆ ಇನ್ನೊಂದು ಮಾತು: ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುವ ಮಾಡೆಲ್ ಸಿಕ್ಕರೆ ಬಿಡಬೇಡಿ. ಚಾರ್ಜರ್ ಹೋದರೂ 65 ವ್ಯಾಟಿನದು ಸುಲಭವಾಗಿ ಸಿಗುತ್ತದೆ, ತಕ್ಕ ಪವರ್ ಬ್ಯಾಂಕಿನಿಂದಲೂ ಕೆಲಸ ನಡೆಯುತ್ತದೆ.

ವಾರಂಟಿ ಕೇಳುವಾಗ "ಒಂದು ವರ್ಷ" ಅಂದದ್ದಕ್ಕೆ ಸುಮ್ನೆ ತಲೆ ಆಡಿಸಬೇಡಿ. ಮನೆಗೆ ಬಂದು ಮಾಡುತ್ತಾರೋ, ನಾವೇ ಒಯ್ಯಬೇಕೋ? ನಮ್ಮ ಕಡೆಯವರಿಗೆ ಹೆಚ್ಚಿನ ಕಂಪನಿಗಳ ಸರ್ವಿಸ್ ಸೆಂಟರಿಗೆ ಹುಬ್ಬಳ್ಳಿಯೇ ಗತಿ. ಶಿರಸಿಯಿಂದ ಅದು ಸುಮಾರು 100 ಕಿಲೋಮೀಟರ್, ಕಾರವಾರದಿಂದ ಇನ್ನೂ ದೂರ. ಕೊಡಲು ಒಂದು ಸಲ, ತರಲು ಒಂದು ಸಲ ಹೋದರೆ ಬಸ್ ಚಾರ್ಜೂ ಹೋಯಿತು, ಎರಡು ದಿನದ ಕ್ಲಾಸೂ ಹೋಯಿತು. ನಿಮ್ಮ ಪಿನ್‌ಕೋಡ್ ಹೇಳಿ, ಆನ್‌ಸೈಟ್ ಸರ್ವಿಸ್ ಅಲ್ಲಿಗೆ ಬರುತ್ತದೆಯೇ ಅಂತ ಕಂಪನಿಯ ಟೋಲ್ ಫ್ರೀ ನಂಬರಿಗೇ ಕೇಳಿ. ಎರಡು ಮಾಡೆಲ್ ಬೆಲೆ ಹತ್ತಿರ ಹತ್ತಿರ ಇದ್ದರೆ ಆನ್‌ಸೈಟ್ ಇರುವುದನ್ನೇ ಆರಿಸಿ, ಸ್ಕ್ರೀನ್ ಸ್ವಲ್ಪ ಸಾದಾ ಇದ್ದರೂ ಪರವಾಗಿಲ್ಲ.

ಕೋರ್ಸಿನ ಪ್ರಕಾರ ನೋಡಿದರೆ, ಬಿಎ, ನರ್ಸಿಂಗ್, ಬಿಕಾಂಗೆ 8 ಜಿಬಿ ಸಾಕು. ಬಿಕಾಂನವರಿಗೆ ಟ್ಯಾಲಿ ಬೇಕು, ಅದು ಓಡುವುದು ವಿಂಡೋಸ್‌ನಲ್ಲಿ. ಅರಣ್ಯ ಶಾಸ್ತ್ರ ಓದುವವರು ಬಳಸುವ ಕ್ಯೂಜಿಐಎಸ್ (ನಕ್ಷೆ ಮಾಡಲು), ಆರ್ (ಅಂಕಿಅಂಶದ ಲೆಕ್ಕಕ್ಕೆ) ಎರಡೂ ಪುಕ್ಕಟೆ, ಕಲಿಕೆಯ ಮಟ್ಟಕ್ಕೆ 8 ಜಿಬಿಯಲ್ಲೇ ನಡೆಯುತ್ತವೆ. ಬಿಸಿಎ ಮತ್ತು ಕಂಪ್ಯೂಟರ್ ಎಂಜಿನಿಯರಿಂಗ್‌ನವರು ಮೊಬೈಲ್ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋ ತೆರೆಯುವ ದಿನ ಬಂದೇ ಬರುತ್ತದೆ, ಅವರಿಗೆ 16 ಜಿಬಿ. ಗೇಮಿಂಗ್ ಲ್ಯಾಪ್‌ಟಾಪ್ ಬಹಳ ಮಕ್ಕಳ ಆಸೆ, ಆದರೆ ಅದರ ಭಾರ ಮತ್ತು ಬೇಗ ಇಳಿಯುವ ಬ್ಯಾಟರಿ ಹಾಸ್ಟೆಲ್ಲು, ಬಸ್ಸಿನ ಓಡಾಟಕ್ಕೆ ಹೊಂದುವುದಿಲ್ಲ. ಅಡ್ಮಿಶನ್ ಆದ ವಾರವೇ ಕೊಳ್ಳಬೇಕೆಂದೂ ಇಲ್ಲ. ಅದೇ ಕಾಲೇಜಿನ ಎರಡನೇ ವರ್ಷದವರು ಏನು ಬಳಸುತ್ತಾರೆ ಅಂತ ವಿಚಾರಿಸಿ, ಆಮೇಲೆ ಅಂಗಡಿಗೆ ಹೋಗಿ.

ಡಾಸ್ ಅಂತ ಬರೆದ ಲ್ಯಾಪ್‌ಟಾಪ್ ಕಡಿಮೆಗೆ ಸಿಗುತ್ತದೆ, ಅದರಲ್ಲಿ ವಿಂಡೋಸ್ ಇರುವುದಿಲ್ಲ. "ನಾವೇ ಹಾಕಿ ಕೊಡುತ್ತೇವೆ" ಅಂದರೆ ಲೈಸೆನ್ಸ್ ಇದೆಯಾ ಅಂತ ಕೇಳಿ. ಕ್ರ್ಯಾಕ್ ಮಾಡುವ ಟೂಲ್‌ಗಳ ಜೊತೆ ವೈರಸ್ ಬರುವುದನ್ನು ದಿನಾ ನೋಡುತ್ತೇನೆ. ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಉಬುಂಟು ಹಾಕಿಕೊಂಡು ಕಲಿಯುವ ಮನಸ್ಸಿದ್ದರೆ ಮಾತ್ರ ಡಾಸ್ ಮಾಡೆಲ್ ಲಾಭ. ವರ್ಡ್, ಎಕ್ಸೆಲ್‌ಗೂ ಬೇರೆ ದುಡ್ಡು ಕೊಡುವ ಮುಂಚೆ ಲ್ಯಾಪ್‌ಟಾಪ್ ಜೊತೆಗೇ ಬಂದಿದೆಯಾ ನೋಡಿ. ಇಲ್ಲದಿದ್ದರೆ ಅದೇ ಕೆಲಸಕ್ಕೆ ಪುಕ್ಕಟೆ ಲಿಬ್ರೆ ಆಫೀಸ್ ಇದೆ.

ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಮನೆಗೆ ಬಂದ ದಿನವೇ ಆ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಯಾವ ತಾರೀಖಿನಿಂದ ಶುರುವಾಗಿದೆ ನೋಡಿ. ಗೋದಾಮಿನಲ್ಲಿ ಕೂತಿದ್ದ ಸ್ಟಾಕಾದರೆ ಕೆಲವು ತಿಂಗಳು ಆಗಲೇ ಕಳೆದಿರಬಹುದು. ಬಿಲ್ಲಿನ ಫೋಟೋ ಕಳಿಸಿದರೆ ಕಂಪನಿಯವರು ತಾರೀಖು ಸರಿಮಾಡಿ ಕೊಡುವುದುಂಟು, ಅದನ್ನು ಮೊದಲ ವಾರದಲ್ಲೇ ಮಾಡಿಸಿ.