ಕ್ರಿಪ್ಟೋಕಾಕಲ್ ಮೆನಿಂಜೈಟಿಸ್ ಅಂದ್ರೆ ಏನು?

ಮೆದುಳು, ಬೆನ್ನುಹುರಿ ಸುತ್ತ ಇರೋ ಪೊರೆ ಊದ್ಕೊಳ್ಳೋದಕ್ಕೆ ಮೆನಿಂಜೈಟಿಸ್ ಅಂತಾರೆ. ಬ್ಯಾಕ್ಟೀರಿಯಾ, ವೈರಸ್ಸಿಂದ ಬರತ್ತೆ ಅಂತ ಕೇಳಿರ್ತೀರಿ, ಫಂಗಸ್ಸಿಂದಾನೂ ಬರತ್ತೆ. ಅದ್ರಲ್ಲಿ ಜಾಸ್ತಿ ಕಾಡೋದು ಕ್ರಿಪ್ಟೋಕಾಕಸ್ ಅನ್ನೋ ಯೀಸ್ಟು. ಕ್ರಿಪ್ಟೋಸ್ ಅಂದ್ರೆ ಗ್ರೀಕಲ್ಲಿ ಬಚ್ಚಿಟ್ಟುಕೊಂಡಿರೋದು ಅಂತ, ಹೆಸರಿಗೆ ತಕ್ಕ ಹಾಗೇ ಇದೆ ಅದು.

ಮಣ್ಣಲ್ಲಿ, ಪಾರಿವಾಳದ ಹಿಕ್ಕೆಲಿ ಇರತ್ತೆ, ಉಸಿರಾಡ್ದಾಗ ಶ್ವಾಸಕೋಶಕ್ಕೆ ಹೋಗತ್ತೆ. ಆರೋಗ್ಯವಾಗಿರೋರಲ್ಲಿ ಇಮ್ಯುನಿಟಿ ಅದನ್ನ ಸಾಮಾನ್ಯವಾಗಿ ಅಲ್ಲೇ ಅದುಮಿಡತ್ತೆ, ಹೋಗಿದ್ದೂ ಗೊತ್ತಾಗಲ್ಲ. ಆದ್ರೆ ಎಚ್‌ಐವಿ ಇದ್ದು ಸಿಡಿ4 (ಇಮ್ಯುನಿಟಿ ನಡೆಸೋ ಒಂಥರ ಬಿಳಿ ರಕ್ತಕಣ) ಎಣಿಕೆ 100ಕ್ಕಿಂತ ಕೆಳಗೆ ಹೋಗಿದ್ರೆ, ಅಥವಾ ಕಿಡ್ನಿ ಕಸಿ ಆಗಿ, ಇಲ್ಲಾ ತುಂಬ ದಿನದಿಂದ ಸ್ಟೀರಾಯ್ಡ್ ತಗೊಳ್ತಾ ಇದ್ರೆ, ರಕ್ತದ ದಾರಿ ಹಿಡ್ದು ಮೆದುಳಿಗೆ ಹತ್ತಿಬಿಡತ್ತೆ. ಒಬ್ರಿಂದ ಒಬ್ರಿಗೆ ಅಂಟಲ್ಲ ಇದು, ಹತ್ರ ಕೂತ್ಕೊಳ್ಳೋಕೆ ಹೆದ್ರಬೇಕಾಗಿಲ್ಲ.

ಮೆನಿಂಜೈಟಿಸ್ ಅಂದ್ರೆ ಕುತ್ತಿಗೆ ಬಿಗಿಯೋದು ಅಂತ ನಾವು ಅಂದ್ಕೊಂಡಿರ್ತೀವಲ್ಲ, ಆ ಬಿಗಿತ ಮಾಡೋದು ಹೆಚ್ಚಾಗಿ ಉರಿಯೂತ, ಅಂದ್ರೆ ನಮ್ಮ ಇಮ್ಯುನಿಟಿ ಮಾಡೋ ಜಗಳ. ಜಗಳ ಆಡೋಕೇ ಶಕ್ತಿ ಇಲ್ದಿರೋ ದೇಹದಲ್ಲಿ ಬಿಗಿತ ಎಲ್ಲಿಂದ ಬರ್ಬೇಕು? ಹಾಗಾಗಿ ಎಷ್ಟೋ ಜನಕ್ಕೆ ಬರೀ ತಲೆನೋವು, ಅದೂ ವಾರಗಟ್ಲೆ, ಆಮೇಲೆ ವಾಂತಿ, ಒಂದು ಎರಡಾಗಿ ಕಾಣೋದು, ಮಂಕು. ಮೆದುಳು, ಬೆನ್ನುಹುರಿ ಸುತ್ತ ಇರೋ ನೀರನ್ನ ಬೆನ್ನಿಗೆ ಸೂಜಿ ಚುಚ್ಚಿ ತೆಗ್ದು ನೋಡಿದ್ರೆ, ಅದ್ರಲ್ಲೂ ಬಿಳಿ ರಕ್ತಕಣ ಕಮ್ಮಿ ಇದ್ದು ರಿಪೋರ್ಟ್ ನಾರ್ಮಲ್ ಥರಾನೇ ಇರಬಹುದು.

ಅದಕ್ಕೆ ಯೀಸ್ಟನ್ನೇ ಹುಡುಕ್ಬೇಕು. ಹಳೇ ವಿಧಾನ ಇಂಡಿಯಾ ಇಂಕ್, ಆ ನೀರಿಗೆ ಕಪ್ಪು ಶಾಯಿ ಬೆರೆಸಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕತ್ತಲಲ್ಲಿ ಚಂದ್ರನ ಸುತ್ತ ಕಟ್ಟಿರೋ ಕೊಡೆ ಥರ ದುಂಡಗಿನ ಕಣದ ಸುತ್ತ ಬೆಳ್ಳಗೆ ಬಳೆ ಕಾಣತ್ತೆ, ಅದು ಯೀಸ್ಟಿನ ಲೋಳೆ ಹೊದಿಕೆ, ಶಾಯಿ ಒಳಗೆ ಹೋಗಲ್ಲ. ಈಗ ಆಂಟಿಜನ್ ಟೆಸ್ಟ್ ಇದೆ, ಅಂದ್ರೆ ಆ ಹೊದಿಕೆಯ ಚೂರುಗಳನ್ನೇ ಹುಡುಕೋ ಟೆಸ್ಟು, ಲಕ್ಷಣ ಶುರುವಾಗೋ ಮೊದ್ಲೇ ರಕ್ತದಲ್ಲಿ ಹಿಡಿಯತ್ತೆ.

ಔಷಧಿ ಆಂಫೊಟೆರಿಸಿನ್, ಫ್ಲುಸೈಟೊಸಿನ್, ಫ್ಲುಕೊನಜೋಲ್. ಜೊತೆಗೆ ತಲೆ ಒಳಗಿನ ಪ್ರೆಶರ್ ಇಳಿಸೋಕೆ ಬೆನ್ನಿಂದ ಮತ್ತೆ ಮತ್ತೆ ನೀರು ತೆಗೀತಾರೆ, 'ಇನ್ನೊಂದ್ಸಲ ಚುಚ್ಚೋದು ಬೇಡ' ಅಂತ ಮನೆಯವ್ರು ತಡೀತಾರೆ, ಆದ್ರೆ ಪ್ರೆಶರ್ ಹಾಗೇ ಬಿಟ್ರೆ ಕಣ್ಣು ಹೋಗಬಹುದು, ಜೀವಾನೂ ಹೋಗಬಹುದು. ಇನ್ನೊಂದು ವಿಚಿತ್ರ, ಎಚ್‌ಐವಿ ಗೊತ್ತಾದ ತಕ್ಷಣ ಎಆರ್‌ಟಿ, ಅಂದ್ರೆ ಎಚ್‌ಐವಿ ಔಷಧಿ, ಶುರು ಮಾಡೋದೇ ಪದ್ಧತಿ, ಆದ್ರೆ ಇದ್ರಲ್ಲಿ 4ರಿಂದ 6 ವಾರ ಕಾಯ್ತಾರೆ. ಯಾಕಂದ್ರೆ ಇಮ್ಯುನಿಟಿ ದಿಢೀರ್ ಅಂತ ಎದ್ದು ಬಂದು, ಮೊದ್ಲು ಆಡದೇ ಇದ್ದ ಜಗಳಾನೆಲ್ಲ ಮೆದುಳಿನ ಪಕ್ಕದಲ್ಲೇ ಆಡೋಕೆ ಶುರು ಮಾಡತ್ತೆ.