ಪೈಚಾರ್ಮ್‌ನಲ್ಲಿ ತೆರೆದ ಫೈಲ್ ವಿಎಸ್ ಕೋಡ್‌ನಲ್ಲಿ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಪೈಚಾರ್ಮ್ ಎಂಬ ಕೋಡ್ ಎಡಿಟರ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ನನ್ನ ಪೈಥಾನ್ ಪ್ರೋಗ್ರಾಂ ವಿಎಸ್ ಕೋಡ್ ಎಂಬ ಇನ್ನೊಂದು ಎಡಿಟರ್‌ಗೆ ಬಂದ ಮೇಲೆ ‘ಫೈಲ್ ನಾಟ್ ಫೌಂಡ್’ ಎನ್ನುತ್ತಿದೆ. ಫೈಲ್ ಪ್ರೋಗ್ರಾಂ ಪಕ್ಕದಲ್ಲೇ ಇದೆ. ಒಂದಕ್ಷರವನ್ನೂ ಬದಲಾಯಿಸಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ಕೋಡ್ ಕೆಟ್ಟಿಲ್ಲ, ಫೈಲೂ ಎಲ್ಲೂ ಹೋಗಿಲ್ಲ. ಬರೀ ‘ಮಾರ್ಕ್ಸ್.ಸಿಎಸ್‌ವಿ’ ಅಂತ ಹೆಸರು ಕೊಟ್ಟರೆ ಪೈಥಾನ್ ಅದನ್ನು ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ ಹುಡುಕುವುದಿಲ್ಲ. ಪ್ರೋಗ್ರಾಂ ಯಾವ ಫೋಲ್ಡರಿನಲ್ಲಿ ನಿಂತು ಶುರುವಾಯಿತೋ ಅಲ್ಲಿ ಹುಡುಕುತ್ತದೆ. ‘ಪಕ್ಕದ ಮನೆ’ ಅಂದರೆ ಯಾವ ಮನೆ ಅನ್ನೋದು ಹೇಳುವವರು ಎಲ್ಲಿ ನಿಂತಿದ್ದಾರೆ ಅನ್ನೋದರ ಮೇಲೆ ಇರುತ್ತದಲ್ವಾ, ಹಾಗೆ. ಈ ನಿಂತ ಜಾಗಕ್ಕೆ ವರ್ಕಿಂಗ್ ಡೈರೆಕ್ಟರಿ ಎಂದು ಹೆಸರು.

ಪೈಚಾರ್ಮ್‌ನಲ್ಲಿ ರೈಟ್ ಕ್ಲಿಕ್ ಮಾಡಿ ರನ್ ಒತ್ತಿದರೆ ಸಾಮಾನ್ಯವಾಗಿ ಸ್ಕ್ರಿಪ್ಟ್ ಇರುವ ಫೋಲ್ಡರೇ ಆ ಜಾಗ. ವಿಎಸ್ ಕೋಡ್‌ನಲ್ಲಿ ಹಾಗಲ್ಲ, ನೀವು ‘ಓಪನ್ ಫೋಲ್ಡರ್’ ಕೊಟ್ಟು ತೆರೆದ ಹೊರಗಿನ ಫೋಲ್ಡರ್. ಪ್ರೋಗ್ರಾಂ ಒಳಗಿನ ಫೋಲ್ಡರಿನಲ್ಲಿದ್ದರೆ ಅಲ್ಲೇ ಎಡವಟ್ಟು.

ಖಾತ್ರಿ ಮಾಡಿಕೊಳ್ಳಬೇಕಾ? ಪ್ರೋಗ್ರಾಂನ ಮೇಲ್ಗಡೆ ಓಎಸ್ ಮಾಡ್ಯೂಲ್‌ನ ‘ಗೆಟ್‌ಸಿಡಬ್ಲ್ಯೂಡಿ’ ಫಂಕ್ಷನ್ (ವರ್ಕಿಂಗ್ ಡೈರೆಕ್ಟರಿ ಯಾವುದೆಂದು ಹೇಳುವುದು ಇದೇ) ಕೊಡುವ ಉತ್ತರವನ್ನು ಪ್ರಿಂಟ್ ಮಾಡಿ. ಎರಡೂ ಕಡೆ ಓಡಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇಲ್ಲಿ ಹಲವರು ಫೈಲನ್ನು ಹೊರಗಿನ ಫೋಲ್ಡರಿಗೂ ಕಾಪಿ ಮಾಡಿ ಕೈತೊಳೆದುಕೊಳ್ಳುತ್ತಾರೆ. ದಯವಿಟ್ಟು ಬೇಡ. ವಾರ ಬಿಟ್ಟು ನೀವು ಒಂದು ಪ್ರತಿಯನ್ನು ತಿದ್ದುತ್ತೀರಿ, ಪ್ರೋಗ್ರಾಂ ಇನ್ನೊಂದನ್ನು ಓದುತ್ತದೆ. ಆಗ ಎರರ್ ಕೂಡ ಬರುವುದಿಲ್ಲ, ತಪ್ಪು ಲೆಕ್ಕ ಬರುತ್ತದೆ. ಬರೆಯುವ ಫೈಲಿನದೂ ಇದೇ ಪಾಡು. ರೈಟ್ ಮೋಡ್‌ನಲ್ಲಿ ಫೈಲ್ ಇಲ್ಲದಿದ್ದರೆ ಪೈಥಾನ್ ಸುಮ್ನೆ ಹೊಸದೊಂದನ್ನು ಮಾಡಿಬಿಡುತ್ತದೆ. ‘ರಿಸಲ್ಟ್ ಎಲ್ಲಿ ಹೋಯಿತು’ ಅಂತ ಹುಡುಕುವವರು ಒಮ್ಮೆ ಹೊರಗಿನ ಫೋಲ್ಡರ್ ನೋಡಿ.

ವಿಎಸ್ ಕೋಡ್ ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸಿಕ್ಯೂಟ್ ಇನ್ ಫೈಲ್ ಡಿರ್’ ಎಂದು ಹುಡುಕಿ ಟಿಕ್ ಮಾಡಿದರೆ ಟರ್ಮಿನಲ್‌ನಲ್ಲಿ ಓಡಿಸುವಾಗ ಸರಿಹೋಗುತ್ತದೆ. ಆದರೆ ಅದು ನಿಮ್ಮ ಕಂಪ್ಯೂಟರಿಗೆ ಮಾತ್ರ. ಗೆಳೆಯರೋ ಮೇಡಮ್ಮೋ ಅದನ್ನು ತಮ್ಮಲ್ಲಿ ತೆರೆದರೆ ಮತ್ತೆ ಅದೇ ಕಥೆ. ಹಾಗಾಗಿ ಕೋಡನ್ನೇ ಸರಿಮಾಡಿ ಅನ್ನೋದು ನನ್ನ ಮಾತು. ಫೈಲುಗಳ ವಿಳಾಸ ನೋಡಿಕೊಳ್ಳುವ ‘ಪಾತ್‌ಲಿಬ್’ ಮಾಡ್ಯೂಲ್ ಪೈಥಾನ್ 3.4ರಿಂದ ಜೊತೆಗೇ ಬರುತ್ತದೆ. ಅದರ ‘ಪಾತ್’ಗೆ, ಪ್ರೋಗ್ರಾಂನ ವಿಳಾಸ ಇಟ್ಟುಕೊಂಡಿರುವ ‘ಫೈಲ್’ ಎಂಬ ವೇರಿಯಬಲ್ ಕೊಡಿ (ಹೆಸರಿನ ಹಿಂದೆ ಎರಡು, ಮುಂದೆ ಎರಡು ಅಂಡರ್‌ಸ್ಕೋರ್). ಅದರ ‘ಪೇರೆಂಟ್’ (ಅಂದರೆ ಪ್ರೋಗ್ರಾಂ ಇರುವ ಫೋಲ್ಡರ್) ತೆಗೆದುಕೊಂಡು, ಒಂದು ಸ್ಲ್ಯಾಶ್ ಹಾಕಿ ಫೈಲಿನ ಹೆಸರು ಸೇರಿಸಿ. ಆಗ ಹುಡುಕಾಟ ಪ್ರೋಗ್ರಾಂ ಇರುವ ಜಾಗದಿಂದಲೇ ಶುರುವಾಗುತ್ತದೆ. ಜುಪಿಟರ್ ನೋಟ್‌ಬುಕ್‌ನಲ್ಲಿ ಮಾತ್ರ ಈ ವೇರಿಯಬಲ್ ಇರುವುದಿಲ್ಲ.

ಜಾಗ ಸರಿಯಿದ್ದೂ ಫೈಲ್ ಸಿಗದಿದ್ದರೆ ಹೆಸರು ನೋಡಿ. ವಿಂಡೋಸ್ ಫೈಲಿನ ಬಾಲ (ಎಕ್ಸ್‌ಟೆನ್ಶನ್) ಮುಚ್ಚಿಡುವುದರಿಂದ ಅದು ‘ಮಾರ್ಕ್ಸ್.ಸಿಎಸ್‌ವಿ.ಟಿಎಕ್ಸ್‌ಟಿ’ ಆಗಿರಬಹುದು.

ಫೈಲ್ ತೆರೆದು, ಓದುವಾಗ ‘ಯೂನಿಕೋಡ್ ಡಿಕೋಡ್ ಎರರ್’ ಬಂದರೆ ಅದು ಬೇರೆ ಕಾಯಿಲೆ. ನಮ್ಮ ಕನ್ನಡ ಫೈಲುಗಳಿಗೆ ಜಾಸ್ತಿ ತಗಲುವುದು ಇದೇ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಎಂಬ ಸಂಖ್ಯೆಗಳಾಗಿ ಇಡುತ್ತದೆ, ಹಾಗೆ ಇಡುವ ಒಂದು ಪದ್ಧತಿ ಯುಟಿಎಫ್-8. ಅದರಲ್ಲಿ ‘ಕನ್ನಡ’ ಪದದ ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆಯ ಕೊನೆಯ ಬೈಟ್ 8ಡಿ. ವಿಂಡೋಸ್‌ನ ಹಳೆಯ 1252 ಕೋಡ್ ಪೇಜ್‌ನಲ್ಲಿ (ಯಾವ ಬೈಟಿಗೆ ಯಾವ ಅಕ್ಷರ ಎನ್ನುವ ಪಟ್ಟಿಯಲ್ಲಿ) ಆ ಬೈಟಿಗೆ ಅಕ್ಷರವೇ ಇಲ್ಲ. ಪೈಥಾನ್ ಆ ಕೋಡ್ ಪೇಜ್ ಹಿಡಿದು ಓದಲು ಹೋದರೆ ಅಲ್ಲೇ ನಿಂತುಬಿಡುತ್ತದೆ. ಫೈಲ್ ತೆರೆಯುವ ಸಾಲಿನಲ್ಲೇ ‘ಎನ್‌ಕೋಡಿಂಗ್’ಗೆ ಯುಟಿಎಫ್-8 ಎಂದು ಕೊಡಿ, ಓದುತ್ತದೆ.