ಬೆಳೆದಿದ್ದೇನೋ ಸರಿ, ಸೇರಿದ್ದು ಯಾರ ಜೇಬಿಗೆ?

ಆದಾಯದ ಲೆಕ್ಕ ನೋಡುವುದೇ ನನ್ನ ಕೆಲಸ. ಚುನಾವಣೆ ಬಂತೆಂದರೆ ಗೆಳೆಯರದ್ದು ಒಂದೇ ಪ್ರಶ್ನೆ: ಯಾವ ಪಕ್ಷ ಬಂದರೆ ಆರ್ಥಿಕತೆ ಜಾಸ್ತಿ ಬೆಳೆಯುತ್ತದೆ? ಆಗ ನಾನು ಒಂದು ಹಾಳೆ ತೆಗೆದುಕೊಂಡು ಹತ್ತು ಜನರ ಆದಾಯ ಬರೆಯುತ್ತೇನೆ. ಒಂಬತ್ತು ಜನರಿಗೆ ತಲಾ 100, ಹತ್ತನೆಯವರಿಗೆ 1,100. ಒಟ್ಟು 2,000. ಮುಂದಿನ ವರ್ಷ ಹತ್ತನೆಯವರದ್ದು ಮಾತ್ರ 1,200 ಆಯಿತು ಅಂದುಕೊಳ್ಳಿ. ಬೆಳವಣಿಗೆ ಶೇ 5! ಉಳಿದ ಒಂಬತ್ತು ಜನರಿಗೆ ಬಿಡಿಗಾಸೂ ಸಿಕ್ಕಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಚೆನ್ನಾಗಿ ಜಾಲಾಡಿದ್ದಾರೆ. ಅಧ್ಯಕ್ಷ ಟ್ರೂಮನ್‌ರಿಂದ ಒಬಾಮಾವರೆಗಿನ ಲೆಕ್ಕ ಹಾಕಿದ ಪ್ರಿನ್ಸ್‌ಟನ್‌ನ ಇಬ್ಬರು ಅರ್ಥಶಾಸ್ತ್ರಜ್ಞರ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಡೆಮಾಕ್ರಾಟ್ ಪಕ್ಷದ ಅಧ್ಯಕ್ಷರಿದ್ದಾಗ ಬೆಳವಣಿಗೆ, ಎದುರಾಳಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷರ ಕಾಲಕ್ಕಿಂತ ವರ್ಷಕ್ಕೆ ಸುಮಾರು 1.8 ಶೇಕಡಾ ಅಂಶ ಜಾಸ್ತಿ ಇತ್ತು. ಆದರೆ ಅದಕ್ಕೆ ಹೆಚ್ಚಿನ ಕಾರಣ ತೈಲ ಬೆಲೆ, ಉತ್ಪಾದಕತೆಯಂಥವು. ಸರ್ಕಾರದ ಬಜೆಟ್ ನೀತಿ ಅಲ್ಲ.

ಹಾಗಾದರೆ ಪಕ್ಷ ಯಾವುದಾದರೇನು ಅನ್ನಬೇಡಿ. ಪಕ್ಷದ ಕೈ ಕಾಣುವುದು ಹಂಚಿಕೆಯಲ್ಲಿ. 2017ರಲ್ಲಿ ರಿಪಬ್ಲಿಕನ್ನರು ಕಂಪನಿಗಳ ತೆರಿಗೆಯನ್ನು ಶೇ 35ರಿಂದ 21ಕ್ಕೆ ಇಳಿಸಿದರು. 2021ರಲ್ಲಿ ಡೆಮಾಕ್ರಾಟರು ಮಕ್ಕಳಿರುವ ಕುಟುಂಬಗಳ ತೆರಿಗೆ ರಿಯಾಯಿತಿ ಹೆಚ್ಚಿಸಿದರು. ಆರು ವರ್ಷದೊಳಗಿನ ಒಂದು ಮಗುವಿಗೆ ತಿಂಗಳಿಗೆ 300 ಡಾಲರ್‌ವರೆಗೆ, ಜುಲೈನಿಂದ ಡಿಸೆಂಬರ್‌ವರೆಗೆ ನೇರ ಖಾತೆಗೆ ಬಂತು. ತೆರಿಗೆ ಕಟ್ಟುವಷ್ಟು ಸಂಪಾದನೆ ಇಲ್ಲದ ಮನೆಗೂ ಪೂರ್ತಿ ಹಣ. ನನಗೆ ಇದೇ ಮುಖ್ಯ, ಏಕೆಂದರೆ ಮೊದಲು ಬಿಟ್ಟುಹೋಗುತ್ತಿದ್ದವರು ತೀರಾ ಬಡವರೇ. ಆ ವರ್ಷ ಮಕ್ಕಳ ಬಡತನ ಶೇ 5.2ಕ್ಕೆ ಇಳಿಯಿತು (ಸರ್ಕಾರದ ನೆರವನ್ನೂ ಸೇರಿಸಿ ಅಳೆಯುವ ಲೆಕ್ಕದಲ್ಲಿ). ಅದನ್ನು ಮುಂದುವರಿಸಲು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಬೇಕಾದಷ್ಟು ಬೆಂಬಲ ಸಿಗದೆ ಯೋಜನೆ ನಿಂತಿತು. 2022ರಲ್ಲಿ ಅದೇ ಬಡತನ ಶೇ 12.4. ಆ ವರ್ಷವೂ ಆರ್ಥಿಕತೆ ಬೆಳೆದಿತ್ತು! ಈ ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇದು ಜನರಿಗೆ ಯಾಕೆ ಕಾಣುವುದಿಲ್ಲ? ಪಕ್ಷದ ಕನ್ನಡಕ. ಮಿಷಿಗನ್ ವಿಶ್ವವಿದ್ಯಾಲಯದ ಗ್ರಾಹಕರ ಸಮೀಕ್ಷೆ ನೋಡಿ. 2016ರಲ್ಲಿ, 2020ರಲ್ಲಿ, ಮತ್ತೆ 2024ರಲ್ಲಿ, ಫಲಿತಾಂಶ ಬಂದ ಕೂಡಲೇ ಗೆದ್ದವರ ಬೆಂಬಲಿಗರಿಗೆ ಆರ್ಥಿಕತೆ ಚೆನ್ನಾಗಿ ಕಾಣತೊಡಗಿತು, ಸೋತವರಿಗೆ ಕೆಟ್ಟದಾಗಿ. ಅಷ್ಟರಲ್ಲಿ ಯಾರ ಸಂಬಳವೂ ಬದಲಾಗಿರಲಿಲ್ಲ.

ಏನೂ ಮಾಡದೆ ಇರುವುದೂ ಹಂಚಿಕೆಯೇ, ಅಲ್ವಾ? ಅಲ್ಲಿನ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ 2009ರ ಜುಲೈನಲ್ಲಿ ಗಂಟೆಗೆ 7.25 ಡಾಲರ್ ಆಯಿತು. ಒಬಾಮಾ ಹೋದರು, ಟ್ರಂಪ್ ಬಂದರು, ಬೈಡನ್ ಬಂದು ಹೋದರು. ಕೂಲಿ ಮಾತ್ರ ಅಲ್ಲೇ ನಿಂತಿತ್ತು.